ರಾತ್ರಿ ರೈಲಿನಲ್ಲಿ ಮೈಸೂರಿಗೆ: ಚಿಕ್ಕ ಮಕ್ಕಳ ಜೊತೆ ಎರಡು ದಿನ – ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ದಾವಣಗೆರೆ, ಕಲಬುರಗಿ, ವಿಜಯಪುರ, ಶಿವಮೊಗ್ಗ ಕಡೆಯ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಬರೆದಿದ್ದೇವೆ. ಮಕ್ಕಳು ಸುಮಾರು 2ರಿಂದ 8 ವರ್ಷದವರು ಅಂತ ಇಟ್ಟುಕೊಂಡಿದ್ದೇವೆ. ರಾತ್ರಿ ಹತ್ತಿ ಬೆಳಗ್ಗೆ ಮೈಸೂರಲ್ಲಿ ಇಳಿಯೋದು, ಎರಡು ದಿನ ಇದ್ದು ಮತ್ತೆ ರಾತ್ರಿ ರೈಲು ಹಿಡಿಯೋದು, ಇಷ್ಟೇ ಲೆಕ್ಕ.

ಇಷ್ಟು ಚಿಕ್ಕ ಮಕ್ಕಳನ್ನು ರಾತ್ರಿ ರೈಲಿನಲ್ಲಿ ಕರೆದುಕೊಂಡು ಹೋಗಬಹುದಾ?

ಖಂಡಿತ ಹೋಗಬಹುದು. ಬಸ್ಸಿಗಿಂತ ರೈಲೇ ಮಕ್ಕಳಿಗೆ ಸುಲಭ. ಉಚ್ಚೆ ಬಂದರೆ ಗಾಡಿ ನಿಲ್ಲಿಸಿ ಅಂತ ಯಾರನ್ನೂ ಬೇಡಬೇಕಿಲ್ಲ. ಕಾಲು ಚಾಚಿ ಮಲಗಬಹುದು. ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಘಾಟಿಯ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳು ಕೂಡ ರೈಲಿನಲ್ಲಿ ಸಾಮಾನ್ಯವಾಗಿ ಆರಾಮಾಗಿ ಇರುತ್ತಾರೆ. ಇನ್ನೊಂದು ಮಾತು. ಮಕ್ಕಳ ಕಣ್ಣಿಗೆ ರೈಲು ಬರೀ ದಾರಿ ಅಲ್ಲ, ಪ್ರವಾಸದ ಅರ್ಧ ಭಾಗವೇ ಅದು. ಮೇಲಿನ ಬರ್ತಿಗೆ ಹತ್ತುವ ಏಣಿ, ಪುಟ್ಟ ದೀಪದ ಸ್ವಿಚ್ಚು, ನಡುರಾತ್ರಿ ನಿಲ್ಲುವ ಗೊತ್ತಿಲ್ಲದ ಸ್ಟೇಷನ್ನು, ಇವೆಲ್ಲ ಅವರಿಗೆ ಅರಮನೆಯಷ್ಟೇ ದೊಡ್ಡ ವಿಷಯ.

ಯಾವ ಊರಿನಿಂದ ಯಾವ ರೈಲು ನೋಡಬೇಕು?

ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಸಂಜೆ ಹುಬ್ಬಳ್ಳಿ ಬಿಟ್ಟು, ಗುಂತಕಲ್, ಬೆಂಗಳೂರು ಸುತ್ತಿ ಬೆಳಗ್ಗೆ ಮೈಸೂರಿಗೆ ಬರುತ್ತದೆ. ಬೆಳಗಾವಿ, ಧಾರವಾಡ, ದಾವಣಗೆರೆಯವರಿಗೆ ಬೆಳಗಾವಿ–ಮೈಸೂರು ರಾತ್ರಿ ರೈಲು ಇದೆ. ವಿಜಯಪುರ, ಬಾಗಲಕೋಟೆ ಕಡೆಗೆ ಗೋಲಗುಂಬಜ್ ಎಕ್ಸ್‌ಪ್ರೆಸ್, ಕಲಬುರಗಿ, ರಾಯಚೂರು ಕಡೆಗೆ ಬಸವ ಎಕ್ಸ್‌ಪ್ರೆಸ್. ಸಾಗರ, ಶಿವಮೊಗ್ಗದವರಿಗೆ ತಾಳಗುಪ್ಪ–ಮೈಸೂರು ರೈಲು. ಸಮಯ ಆಗಾಗ ಬದಲಾಗುತ್ತದೆ, ಹಾಗಾಗಿ ಬುಕ್ ಮಾಡುವ ದಿನವೇ ಒಮ್ಮೆ ನೋಡಿಕೊಳ್ಳಿ.

ದಾವಣಗೆರೆಯಂಥ ನಡುವಿನ ಊರಿನಿಂದ ಹತ್ತುವವರು ಗಮನಿಸಿ: ಅಲ್ಲಿ ರೈಲು ಕೆಲವೇ ನಿಮಿಷ ನಿಲ್ಲುತ್ತದೆ. ನಿಮ್ಮ ಕೋಚ್ ಎಲ್ಲಿ ಬರುತ್ತದೆ ಅಂತ ಮೊದಲೇ ತಿಳಿದು ಅಲ್ಲೇ ನಿಂತಿರಿ. ಮಗುವನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡುವ ಪರಿಸ್ಥಿತಿ ಬರಬಾರದು.

ಯಾವ ದಿನ ಹೊರಡೋದು ಒಳ್ಳೆಯದು?

ಶುಕ್ರವಾರ ರಾತ್ರಿ. ಶನಿವಾರ, ಭಾನುವಾರ ಮೈಸೂರು. ಭಾನುವಾರ ರಾತ್ರಿ ವಾಪಸ್. ಇದಕ್ಕೆ ರಜೆಯ ಜೊತೆಗೆ ಇನ್ನೆರಡು ಕಾರಣಗಳಿವೆ. ಮೊದಲನೆಯದು, ಮೃಗಾಲಯಕ್ಕೆ ಮಂಗಳವಾರ ರಜೆ. ಪಕ್ಕದ ಕಾರಂಜಿ ಕೆರೆಗೂ ಅದೇ ದಿನ ರಜೆ. ಮಂಗಳವಾರ ಬರುವಂತೆ ಪ್ಲಾನ್ ಮಾಡಿದರೆ ಮಕ್ಕಳ ಪಾಲಿಗೆ ಅರ್ಧ ಮೈಸೂರೇ ಮುಚ್ಚಿದ ಹಾಗೆ. ಎರಡನೆಯದು, ಅರಮನೆಯ ಪೂರ್ತಿ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳ ಸಂಜೆ. ಉಳಿದ ದಿನ ಧ್ವನಿ-ಬೆಳಕು ಕಾರ್ಯಕ್ರಮ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ದೀಪ ಹಾಕುತ್ತಾರೆ.

ಇಲ್ಲೊಂದು ತೊಡಕು ಇದೆ. ದೀಪ ಹೊತ್ತುವುದು ಸಂಜೆ 7ರ ಹೊತ್ತಿಗೆ. ವಾಪಸ್ ಹೋಗುವ ಕೆಲವು ರೈಲುಗಳು ಅಷ್ಟರೊಳಗೆ ಹೊರಟುಬಿಡುತ್ತವೆ. ನಿಮ್ಮದು ಸಂಜೆ ರೈಲಾದರೆ ದೀಪವನ್ನು ಶನಿವಾರವೇ, ಸ್ವಲ್ಪ ಹೊತ್ತಾದರೂ ಸರಿ, ನೋಡಿಬಿಡಿ. ರಾತ್ರಿ ತಡವಾಗಿ ಹೊರಡುವ ರೈಲಾದರೆ ಭಾನುವಾರ ನೋಡಿಕೊಂಡೇ ಸ್ಟೇಷನ್ನಿಗೆ ಹೋಗಬಹುದು.

ಟಿಕೆಟ್ ಎಷ್ಟು ದಿನ ಮೊದಲು ತೆಗೆಯಬೇಕು?

2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಮೊದಲು 120 ದಿನ ಇತ್ತು. ಶುಕ್ರವಾರ ಹೋಗಿ ಭಾನುವಾರ ಬರುವ ಟಿಕೆಟ್‌ಗೆ ಎಲ್ಲರದ್ದೂ ಪೈಪೋಟಿ. ಶಾಲೆ ರಜೆಯ ದಿನಗಳಾದರೆ ಬುಕಿಂಗ್ ತೆರೆದ ದಿನವೇ ಟಿಕೆಟ್ ತೆಗೆಯಿರಿ. ಹೋಗುವ ಟಿಕೆಟ್ ತೆಗೆದ ಎರಡು ದಿನಕ್ಕೆ ಬರುವ ಟಿಕೆಟ್ ತೆರೆಯುತ್ತದೆ, ಅದನ್ನು ಮರೆಯಬೇಡಿ.

ತತ್ಕಾಲ್ ನಂಬಿಕೊಂಡು ಮಕ್ಕಳಿಗೆ ಆಸೆ ತೋರಿಸಬೇಡಿ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣವೂ ವಾಪಸ್ ಬರುವುದಿಲ್ಲ. ಮಗುವಿಗೆ ಕೊನೇ ಗಳಿಗೆಯಲ್ಲಿ ಜ್ವರ ಬಂದರೆ ಅಷ್ಟೂ ಹೋಯಿತು.

ಮಕ್ಕಳಿಗೆ ಟಿಕೆಟ್ ಬೇಕಾ?

5 ವರ್ಷ ತುಂಬದ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ ಬೇಡ. ಬರ್ತ್ ಬೇಕು ಅಂದರೆ ಪೂರ್ತಿ ದರ. 5 ತುಂಬಿ 12 ತುಂಬದವರಿಗೆ ಬರ್ತ್ ಇಲ್ಲದೆ ಅರ್ಧ ದರ, ಬರ್ತ್ ಬೇಕಾದರೆ ಪೂರ್ತಿ ದರ. ಇದು 2016ರ ಏಪ್ರಿಲ್‌ನಿಂದ ಬಂದ ನಿಯಮ. ವಯಸ್ಸಿನ ದಾಖಲೆಯ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರಿ.

6 ವರ್ಷದ ಮಗುವಿಗೆ ಅರ್ಧ ಟಿಕೆಟ್ ತೆಗೆದು ಪಕ್ಕದಲ್ಲಿ ಮಲಗಿಸಿಕೊಂಡರಾಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಮ್ಮ ಸಲಹೆ: ಬೇಡ. ಆ ವಯಸ್ಸಿನ ಮಗು ರಾತ್ರಿಯಿಡೀ ಒದೆಯುತ್ತದೆ, ತಿರುಗುತ್ತದೆ. ನಿಮಗೂ ನಿದ್ದೆ ಇಲ್ಲ, ಮಗುವಿಗೂ ಇಲ್ಲ. ಮಾರನೇ ದಿನ ಪೂರ್ತಿ ಸಿಡಿಮಿಡಿ. ಇಬ್ಬರು ದೊಡ್ಡವರು, 3 ಮತ್ತು 6 ವರ್ಷದ ಇಬ್ಬರು ಮಕ್ಕಳು ಅಂದರೆ ಮೂರು ಬರ್ತ್ ಸಾಕು. 3 ವರ್ಷದ್ದು ಅಮ್ಮ ಅಥವಾ ಅಪ್ಪನ ಪಕ್ಕ, 6 ವರ್ಷದ್ದಕ್ಕೆ ತನ್ನದೇ ಬರ್ತ್. ಹಣ ಉಳಿಸಲೇಬೇಕು ಅಂದರೆ ಹೋಟೆಲಿನಲ್ಲಿ ಉಳಿಸಿ, ಬರ್ತಿನಲ್ಲಿ ಬೇಡ.

ಸ್ಲೀಪರ್ ಸಾಕಾ, ಎಸಿ ಬೇಕಾ?

ಚಿಕ್ಕ ಮಕ್ಕಳಿಗೆ ಥರ್ಡ್ ಎಸಿ ಒಳ್ಳೆಯದು. ತಂಪಿಗಾಗಿ ಹೇಳುತ್ತಿಲ್ಲ. ಸದ್ದು ಕಡಿಮೆ, ಧೂಳು ಕಡಿಮೆ, ಓಡಾಡುವ ಜನ ಕಡಿಮೆ, ಹಾಸಿಗೆ-ಹೊದಿಕೆಯನ್ನು ರೈಲಿನಲ್ಲೇ ಕೊಡುತ್ತಾರೆ. ಸ್ಲೀಪರ್‌ನಲ್ಲಿ ಹೊದಿಕೆ ನೀವೇ ಒಯ್ಯಬೇಕು. ಆದರೆ ಸ್ಲೀಪರ್‌ನಲ್ಲಿ ಹೋದರೆ ಮಕ್ಕಳಿಗೆ ಕಷ್ಟ ಅಂತೇನೂ ಇಲ್ಲ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಕಿಟಕಿ ಗಾಳಿಯೇ ಚೆನ್ನ. ಡಿಸೆಂಬರ್, ಜನವರಿಯಲ್ಲಿ ಮಾತ್ರ ನಸುಕಿನ ಚಳಿ ಕಿಟಕಿಯ ಸಂದಿಯಿಂದ ನುಗ್ಗುತ್ತದೆ. ಆಗ ಟೊಪ್ಪಿಗೆ, ಸ್ವೆಟರ್ ಕೈಗೆ ಸಿಗುವಂತೆ ಇರಲಿ. ಎಸಿ ಕೋಚ್ ಕೂಡ ರಾತ್ರಿ ಜಾಸ್ತಿ ತಣ್ಣಗಾಗುತ್ತದೆ, ಕಾಲುಚೀಲ ಬೇಕೇ ಬೇಕು.

ಯಾವ ಬರ್ತ್ ಕೇಳಬೇಕು?

ಸ್ಲೀಪರ್, ಥರ್ಡ್ ಎಸಿ ಎರಡರಲ್ಲೂ ಒಂದೊಂದು ಕಟ್ಟಿನಲ್ಲಿ, ಅಂದರೆ ಕೋಚಿನ ಒಂದೊಂದು ಭಾಗದಲ್ಲಿ, 8 ಬರ್ತ್. 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಮುಂದಿನ ಕಟ್ಟು 9ರಿಂದ ಇದೇ ಕ್ರಮದಲ್ಲಿ. ಚಿಕ್ಕ ಮಗು ಇದ್ದರೆ ಒಂದು ಲೋವರ್ ಬೇಕೇ ಬೇಕು. ಐಆರ್‌ಸಿಟಿಸಿಯಲ್ಲಿ ಬುಕ್ ಮಾಡುವಾಗ, ಕನಿಷ್ಠ ಒಂದು ಲೋವರ್ ಸಿಕ್ಕರೆ ಮಾತ್ರ ಬುಕ್ ಆಗಲಿ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿ. ಇಷ್ಟು ಉಪಯೋಗದ ಗುಂಡಿಯನ್ನು ತುಂಬ ಜನ ನೋಡಿಯೇ ಇರುವುದಿಲ್ಲ.

ಕೋಚಿನ ತುದಿಯ ಬರ್ತ್‌ಗಳು ಬಾಗಿಲು ಮತ್ತು ಟಾಯ್ಲೆಟ್ ಪಕ್ಕ ಇರುತ್ತವೆ. ರಾತ್ರಿಯಿಡೀ ಬಾಗಿಲ ಸದ್ದು. ನಡುವಿನ ಕಟ್ಟು ಸಿಕ್ಕರೆ ಅದೃಷ್ಟ.

ಬರ್ತ್‌ಗಳು ಬೇರೆ ಬೇರೆ ಕಡೆ ಬಂದುಬಿಟ್ಟರೆ?

ಹತ್ತಿದ ಕೂಡಲೇ, ಜನ ಹಾಸಿಗೆ ಹಾಸಿಕೊಳ್ಳುವ ಮುಂಚೆ ಕೇಳಿ. ನಿಮ್ಮಲ್ಲಿರುವ ಒಳ್ಳೆಯ ಬರ್ತ್ ಕೊಡಲು ಸಿದ್ಧರಿದ್ದರೆ ಮಾತು ಬೇಗ ಮುಗಿಯುತ್ತದೆ. ಒಬ್ಬರೇ ಪ್ರಯಾಣ ಮಾಡುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಆಗದಿದ್ದರೆ ಟಿಟಿಇ ಬಂದಾಗ ಹೇಳಿ.

ಮಗು ಬರ್ತಿನಿಂದ ಬೀಳುವುದಿಲ್ವಾ? ಹೇಗೆ ಮಲಗಿಸಬೇಕು?

ಎಲ್ಲ ತಾಯಂದಿರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದು ಕೂಡ. ಲೋವರ್ ಬರ್ತಿನಲ್ಲಿ ಮಗುವನ್ನು ಗೋಡೆಯ ಕಡೆ ಮಲಗಿಸಿ, ನೀವು ಹೊರಗಿನ ಅಂಚಿಗೆ ಮಲಗಿ. ಬರ್ತ್ ಅಗಲ ಕಡಿಮೆ, ಆದ್ದರಿಂದ ಮಗ್ಗುಲಾಗಿ ಮಲಗಬೇಕಾಗುತ್ತದೆ. ಹಾಲು ಕುಡಿಸುವ ಅಮ್ಮಂದಿರಿಗೆ ಇದು ಹೇಗೂ ಅಭ್ಯಾಸ. ಬರ್ತ್ ಪಕ್ಕದ ನೆಲದ ಮೇಲೆ ಮೆತ್ತನೆಯ ಬಟ್ಟೆ ಬ್ಯಾಗ್ ಇಟ್ಟರೆ ಇನ್ನಷ್ಟು ಧೈರ್ಯ.

ಸ್ವಂತ ಬರ್ತ್ ಇರುವ 5–6 ವರ್ಷದ ಮಗುವಿಗೂ ಕೆಳಗಿನದನ್ನೇ ಕೊಡಿ. ಎರಡು ಲೋವರ್ ಸಿಗದಿದ್ದರೆ ದೊಡ್ಡ ಮಗುವಿಗೆ ಮಧ್ಯದ ಬರ್ತ್, ಅದರ ಎದುರಿನ ಮಧ್ಯದ ಬರ್ತಿನಲ್ಲಿ ನೀವು. ಮೇಲಿನ ಬರ್ತ್ 8 ವರ್ಷದೊಳಗಿನವರಿಗೆ ಬೇಡ. ಎಷ್ಟೇ ಹಠ ಮಾಡಲಿ. ಮಲಗುವ ಮುಂಚೆ ಸ್ವಲ್ಪ ಹೊತ್ತು, ನೀವು ಪಕ್ಕದಲ್ಲೇ ಇದ್ದು, ಹತ್ತಿ ಇಳಿಯಲು ಬಿಡಿ. ಆಸೆ ತೀರುತ್ತದೆ.

ಮಧ್ಯದ ಬರ್ತ್ ಬಿಚ್ಚಿ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಮಕ್ಕಳು ಅದಕ್ಕೂ ಮೊದಲೇ ತೂಕಡಿಸುತ್ತಾರೆ. ಕೆಳಗೆ ಕೂತ ಸಹಪ್ರಯಾಣಿಕರಿಗೆ ಮೊದಲೇ ನಯವಾಗಿ ಹೇಳಿದರೆ 9ಕ್ಕೇ ಹಾಸಿಗೆ ಸಿದ್ಧ.

ಇನ್ನೊಂದು ಸಂಗತಿ. 2022ರ ಮೇ ತಿಂಗಳಲ್ಲಿ ಉತ್ತರ ರೈಲ್ವೆಯ ಲಖನೌ ಮೇಲ್‌ನಲ್ಲಿ ಲೋವರ್ ಬರ್ತಿಗೆ ಮಡಚುವ ಬೇಬಿ ಬರ್ತ್ ಜೋಡಿಸಿ ಪ್ರಯೋಗ ಮಾಡಿದ್ದರು. ಅಂಥದ್ದು ನಮ್ಮ ರೈಲುಗಳಿಗೂ ಬರಲಿ ಅಂತ ಮನಸಾರೆ ಬಯಸುತ್ತೇವೆ.

ಊಟ, ಹಾಲು?

ಮನೆಯಿಂದಲೇ ಒಯ್ಯಿರಿ. ಚಪಾತಿ, ಶೇಂಗಾ ಚಟ್ನಿ ಪುಡಿ, ಕಡಕ್ ರೊಟ್ಟಿ, ಬಾಳೆಹಣ್ಣು. ಮೊಸರನ್ನ ಹತ್ತಿದ ಕೂಡಲೇ ತಿಂದು ಮುಗಿಸಿ, ಬೆಳಗಿನವರೆಗೆ ಇಡಬೇಡಿ. ಖಾರದ್ದು, ಎಣ್ಣೆಯದ್ದು ರಾತ್ರಿಗೆ ಬೇಡ. ಎಲ್ಲ ರೈಲಿನಲ್ಲೂ ಪ್ಯಾಂಟ್ರಿ ಇರುವುದಿಲ್ಲ. ನಡುರಾತ್ರಿ ಬಿಸಿನೀರು ಸಿಗುತ್ತದೆ ಅಂತ ನಂಬಬೇಡಿ, ಒಳ್ಳೆಯ ಥರ್ಮಾಸ್ ಒಯ್ಯಿರಿ. ಪುಡಿ ಹಾಲು ಕುಡಿಯುವ ಮಗುವಾದರೆ ಪುಡಿಯನ್ನು ಒಂದೊಂದು ಸಲಕ್ಕೆ ಬೇಕಾದಷ್ಟು ಅಳೆದು ಬೇರೆ ಬೇರೆ ಡಬ್ಬಿಗೆ ಹಾಕಿಡಿ. ಕತ್ತಲಲ್ಲಿ ಚಮಚ ಹುಡುಕುವ ಕಷ್ಟ ಇರುವುದಿಲ್ಲ.

ಟಾಯ್ಲೆಟ್, ಡೈಪರ್ ವಿಷಯ?

ಡೈಪರ್ ಬಿಟ್ಟ ಮಗುವಿಗೂ ಈ ಎರಡು ರಾತ್ರಿ ಡೈಪರ್ ಹಾಕಿ. ನಾಚಿಕೆಯ ವಿಷಯವಲ್ಲ. ಬಳಸಿದ ಡೈಪರನ್ನು ಟಾಯ್ಲೆಟ್ಟಿಗೆ ಹಾಕಲೇಬೇಡಿ. ಈಗ ಕೋಚುಗಳಲ್ಲಿ ಇರುವುದು ಬಯೋ ಟಾಯ್ಲೆಟ್. ಡೈಪರ್, ಪ್ಲಾಸ್ಟಿಕ್ ಬಿದ್ದರೆ ಅದು ಕಟ್ಟಿಕೊಳ್ಳುತ್ತದೆ, ಇಡೀ ಕೋಚಿನವರಿಗೆ ತೊಂದರೆ. ಕಾಗದದಲ್ಲಿ ಸುತ್ತಿ ಬಾಗಿಲ ಬಳಿಯ ಕಸದ ಡಬ್ಬಿಗೆ ಹಾಕಿ. ಮಗುವನ್ನು ಟಾಯ್ಲೆಟ್ಟಿಗೆ ಒಂಟಿಯಾಗಿ ಕಳಿಸಬೇಡಿ. ಹೊರ ಬಾಗಿಲು ಅಲ್ಲೇ ಪಕ್ಕದಲ್ಲಿ, ಎಷ್ಟೋ ಸಲ ತೆರೆದೇ ಇರುತ್ತದೆ.

ರಾತ್ರಿ ಅತ್ತು ಎಲ್ಲರನ್ನೂ ಎಬ್ಬಿಸಿದರೆ?

ಅಳಬಹುದು. ಮಕ್ಕಳು ಅಳುತ್ತಾರೆ, ಅಲ್ವಾ? ಎತ್ತಿಕೊಂಡು ಸ್ವಲ್ಪ ಹೊತ್ತು ಕೋಚಿನೊಳಗೆ ಓಡಾಡಿ. ರೈಲಿನ ತೂಗಾಟಕ್ಕೆ ಬೇಗ ಮತ್ತೆ ನಿದ್ದೆ ಬರುತ್ತದೆ. ಮನೆಯ ಹಳೇ ಹೊದಿಕೆಯನ್ನೋ, ಅದು ದಿನಾ ಹಿಡಿದು ಮಲಗುವ ಗೊಂಬೆಯನ್ನೋ ಒಯ್ದಿದ್ದರೆ ಅರ್ಧ ಕೆಲಸ ಮುಗಿಯಿತು. ಮಲಗಿಸಲು ಮೊಬೈಲ್ ಕೊಡಬೇಡಿ, ಇನ್ನೂ ಎಚ್ಚರವಾಗುತ್ತದೆ.

ಸುರಕ್ಷತೆಗೆ ಏನು ಮಾಡಬೇಕು?

ಮಗುವಿನ ಜೇಬಿನಲ್ಲಿ ಅಪ್ಪ-ಅಮ್ಮ ಇಬ್ಬರ ಫೋನ್ ನಂಬರ್ ಬರೆದ ಚೀಟಿ ಇರಲಿ. ಹೊರಡುವ ಮುಂಚೆ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ, ಆ ದಿನದ ಬಟ್ಟೆ ಕಾಣುವ ಹಾಗೆ. ಹತ್ತುವಾಗ ಒಬ್ಬರು ಮೊದಲು ಹತ್ತಿ, ಇನ್ನೊಬ್ಬರು ಕೆಳಗಿನಿಂದ ಮಕ್ಕಳನ್ನು ಕೊಟ್ಟು ಕೊನೆಗೆ ಹತ್ತಬೇಕು. ಇಳಿಯುವಾಗಲೂ ಹಾಗೇ. ಲೋವರ್ ಬರ್ತಿನ ಕೆಳಗೆ ಬ್ಯಾಗ್ ಕಟ್ಟಲು ಕೊಂಡಿ ಇದೆ, ಚೈನ್ ಹಾಕಿ ಬೀಗ ಹಾಕಿದರೆ ನೆಮ್ಮದಿ. ರೈಲಿನಲ್ಲಿ ಏನೇ ತೊಂದರೆಗೂ 139, ಮಕ್ಕಳ ಸಹಾಯವಾಣಿ 1098. ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

ನಸುಕಿನಲ್ಲೇ ಇಳಿದರೆ ರೂಮು ಸಿಗುತ್ತಾ?

ಹಲವು ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ. ನೀವು ಇಳಿಯುವುದು ಬೆಳಗ್ಗೆ. ಬುಕ್ ಮಾಡುವಾಗಲೇ ಫೋನ್ ಮಾಡಿ ಕೇಳಿ. 24 ಗಂಟೆ ಲೆಕ್ಕದ ಲಾಡ್ಜ್ ಆದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸ್ಟೇಷನ್ನಿನ ವಿಶ್ರಾಂತಿ ಕೊಠಡಿ ನೋಡಿ, ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು. ಮುಖ ತೊಳೆದು, ಬಟ್ಟೆ ಬದಲಿಸಿ, ಬ್ಯಾಗನ್ನು ಹೋಟೆಲಿಗೆ ಕೊಟ್ಟು ತಿಂಡಿಗೆ ಹೊರಟರೆ ಅರ್ಧ ದಿನ ಉಳಿಯುತ್ತದೆ.

ಸ್ಟೇಷನ್ ಮತ್ತು ಅರಮನೆಯ ನಡುವೆ ಎಲ್ಲಾದರೂ ಉಳಿಯಿರಿ. ದೂರದ ಚಂದದ ರೆಸಾರ್ಟ್ ಈ ಸಲ ಬೇಡ. ಮಧ್ಯಾಹ್ನ ರೂಮಿಗೆ ಬಂದು ಮಲಗಲು ಆಗಬೇಕು, ಅದೇ ಮುಖ್ಯ.

ಎರಡು ದಿನದಲ್ಲಿ ಏನೇನು ನೋಡಬಹುದು?

ಬೆಳಗ್ಗೆ ಒಂದು, ಸಂಜೆ ಒಂದು. ಮಧ್ಯಾಹ್ನ ನಿದ್ದೆ. ಎರಡು ದಿನಕ್ಕೆ ನಾಲ್ಕೇ ಜಾಗ. ದೂರದಿಂದ ಬಂದಿದ್ದೇವೆ, ಎಲ್ಲಾ ನೋಡಿಬಿಡೋಣ ಅನ್ನಿಸುತ್ತದೆ. ಆದರೆ ಒಂದೇ ದಿನಕ್ಕೆ ಬೆಟ್ಟ, ಮೃಗಾಲಯ, ಅರಮನೆ, ಕೆಆರ್‌ಎಸ್ ಸುತ್ತಿಸುವ ಪ್ಯಾಕೇಜ್ ಗಾಡಿಯಲ್ಲಿ ನಾಲ್ಕು ವರ್ಷದ ಮಗು ನೋಡುವುದು ಗಾಡಿಯ ಸೀಟನ್ನು ಮಾತ್ರ.

ನಾವು ಹೇಳುವ ಕ್ರಮ ಹೀಗಿದೆ. ಶನಿವಾರ ಬೆಳಗ್ಗೆ ರೈಲ್ವೆ ಮ್ಯೂಸಿಯಂ, ಯಾಕೆಂದರೆ ಅದು ಸ್ಟೇಷನ್ನಿನ ಹತ್ತಿರ, ಸುಸ್ತಾದ ಮಕ್ಕಳಿಗೂ ಸುಲಭ. ಸಂಜೆ ಕಾರಂಜಿ ಕೆರೆ. ಭಾನುವಾರ ಬೆಳಗ್ಗೆ ಮೃಗಾಲಯ. ಸಂಜೆ ಅರಮನೆ ಮತ್ತು ದೀಪ.

ಮೃಗಾಲಯಕ್ಕೆ ಎಷ್ಟು ಹೊತ್ತು ಬೇಕು?

ಮೂರು ಗಂಟೆ. ಬೆಳಗ್ಗೆ 8.30ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಆಗ ಪ್ರಾಣಿಗಳೂ ಚುರುಕಾಗಿರುತ್ತವೆ, ಬಿಸಿಲೂ ಇರುವುದಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಮೃಗಾಲಯ ಇದು. ಮರಗಳು ಅಷ್ಟೇ ಹಳೆಯವು, ನೆರಳಿಗೆ ಕೊರತೆಯಿಲ್ಲ. ದಾರಿ ಮಾತ್ರ ಉದ್ದ, ಚಿಕ್ಕವರ ಕಾಲಿಗೆ ಜಾಸ್ತಿಯೇ. ಬ್ಯಾಟರಿ ಗಾಡಿ ಇದೆ, ಅಥವಾ ಮನೆಯ ಸ್ಟ್ರಾಲರ್ ತನ್ನಿ, ದಾರಿ ಸಮತಟ್ಟಾಗಿದೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಬ್ಯಾಗ್ ನೋಡುತ್ತಾರೆ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ ಒಯ್ಯಿರಿ.

ಎಲ್ಲಾ ಪ್ರಾಣಿ ನೋಡಿಸಬೇಕು ಅಂತ ಎಳೆದಾಡಬೇಡಿ. ಮಗು ಜಿರಾಫೆ ಮುಂದೆ ಅರ್ಧ ಗಂಟೆ ನಿಂತರೆ ನೀವೂ ನಿಲ್ಲಿ. ಅದು ಎಲೆ ಕೀಳುವ ನಾಲಿಗೆಯನ್ನು ನೋಡುತ್ತಾ ನಿಂತ ಮಗುವಿಗೆ ಮುಂದಿನ ಹತ್ತು ಪಂಜರ ಬೇಕಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅನ್ನುವ ಗೊರಿಲ್ಲಾ ಜೋಡಿ ಇಲ್ಲಿಗೆ ಬಂತು. ಹೆಸರು ಮೊದಲೇ ಹೇಳಿಟ್ಟರೆ ಮಕ್ಕಳು ನೆಂಟರನ್ನು ಹುಡುಕುವ ಹಾಗೆ ಹುಡುಕುತ್ತಾರೆ.

ಅರಮನೆ ಮಕ್ಕಳಿಗೆ ಬೇಜಾರಾಗುವುದಿಲ್ವಾ?

ಗೈಡ್ ಹೇಳುವ ಇಸವಿಗಳನ್ನು ಕೇಳಿಸಿದರೆ ಆಗುತ್ತದೆ. ಕಥೆ ಹೇಳಿದರೆ ಇಲ್ಲ. ಹಿಂದೆ ಇಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ಅನ್ನುವವರು ಹೊಸದನ್ನು ವಿನ್ಯಾಸ ಮಾಡಿದರು, 1912ರಲ್ಲಿ ಕೆಲಸ ಮುಗಿಯಿತು. ಇಷ್ಟು ಸಾಕು. ಒಳಗೆ ಹೋದ ಮೇಲೆ ಹುಡುಕುವ ಆಟ ಕೊಡಿ: ಚಿನ್ನದ ಅಂಬಾರಿ ಎಲ್ಲಿದೆ, ಗೊಂಬೆಗಳು ಎಲ್ಲಿವೆ, ಕಲ್ಯಾಣ ಮಂಟಪದ ಬಣ್ಣದ ಗಾಜಿನಲ್ಲಿ ನವಿಲು ಎಲ್ಲಿದೆ.

ಒಳಗೆ ಚಪ್ಪಲಿ ಇಲ್ಲ, ಮೆಟ್ಟಿಲುಗಳಿವೆ, ಸ್ಟ್ರಾಲರ್ ಉಪಯೋಗಕ್ಕೆ ಬರುವುದಿಲ್ಲ. ಒಳಗೆ ನೋಡುವ ಸಮಯ 5.30ಕ್ಕೆ ಮುಗಿಯುತ್ತದೆ, 4 ಗಂಟೆಗೆಲ್ಲ ಹೋಗಿ. ಆಮೇಲೆ ಹೊರಗೆ ಒಂದು ಟಾಂಗಾ ಸವಾರಿ, ಏನಾದರೂ ತಿಂಡಿ, ಮತ್ತೆ 7ರ ದೀಪಕ್ಕೆ ಆವರಣಕ್ಕೆ ವಾಪಸ್. ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಸಲ ಹೊತ್ತಿಕೊಳ್ಳುತ್ತವೆ. ಆ ಗಳಿಗೆಗೆ ಮಗು ನಿಮ್ಮ ಹೆಗಲ ಮೇಲಿರಲಿ. ಕೆಳಗೆ ನಿಂತರೆ ಅದಕ್ಕೆ ಕಾಣುವುದು ಜನರ ಬೆನ್ನು ಮಾತ್ರ.

ರೈಲ್ವೆ ಮ್ಯೂಸಿಯಂನಲ್ಲಿ ಏನಿದೆ?

1979ರಲ್ಲಿ ಶುರುವಾದದ್ದು, ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆಯ ಎದುರಿಗಿದೆ. ಹಳೇ ಉಗಿ ಎಂಜಿನ್‌ಗಳು, ಮಹಾರಾಣಿಯ 1899ರ ಸಲೂನ್ ಬೋಗಿ, ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು. ಪುಟ್ಟ ರೈಲಿನ ಸವಾರಿಯೂ ಇದೆ. ರಾತ್ರಿಯಿಡೀ ರೈಲಿನಲ್ಲಿ ಬಂದ ಮಕ್ಕಳು ಹಳೇ ರೈಲನ್ನು ಮುಟ್ಟಿ ನೋಡಿ ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ. ಮೈಸೂರಿನಲ್ಲಿ ಮಕ್ಕಳಿಗೆ ಇಷ್ಟು ಹೊಂದುವ ಜಾಗ ಇನ್ನೊಂದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ವಾರದ ರಜೆ ಯಾವ ದಿನ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಬೃಂದಾವನ, ಚಾಮುಂಡಿ ಬೆಟ್ಟ ಬಿಡೋದಾ?

ಬೃಂದಾವನ ಈ ಸಲ ಬಿಡಿ. ಊರಿನಿಂದ ಸುಮಾರು 20 ಕಿಲೋಮೀಟರ್. ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ, ಅದನ್ನು ನೋಡಲು ಉದ್ಯಾನದೊಳಗೆ ತುಂಬ ನಡೆಯಬೇಕು. ವಾಪಸ್ ಬರುವಾಗ ಮಕ್ಕಳು ಊಟವಿಲ್ಲದೆ ಮಲಗಿರುತ್ತಾರೆ.

ಬೆಟ್ಟಕ್ಕೆ ಹೋಗಲೇಬೇಕು ಅನ್ನುವವರು ಭಾನುವಾರ ಬೆಳಗ್ಗೆ ಬೇಗ ಹೋಗಿ, ಮೃಗಾಲಯವನ್ನು ಶನಿವಾರಕ್ಕೆ ಹಾಕಿಕೊಳ್ಳಿ. ಆಗ ರೈಲ್ವೆ ಮ್ಯೂಸಿಯಂ ಬಿಡಬೇಕಾಗುತ್ತದೆ. ಬಸ್ಸಿನಲ್ಲೇ ಮೇಲೆ ಹೋಗಬಹುದು. ಸಾವಿರ ಮೆಟ್ಟಿಲು ಚಿಕ್ಕವರಿಗೆ ಬೇಡ. ದೊಡ್ಡ ನಂದಿಯನ್ನು ಮಾತ್ರ ತಪ್ಪಿಸಬೇಡಿ. ಮಕ್ಕಳಿಗೆ ಅಷ್ಟು ದೊಡ್ಡ ಬಸವಣ್ಣ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ದಸರಾ ಸಮಯದಲ್ಲಿ ಬರಬಹುದಾ?

ಜಂಬೂ ಸವಾರಿಯ ದಿನ ಚಿಕ್ಕ ಮಕ್ಕಳ ಜೊತೆ ಬೇಡ. ಜನಸಂದಣಿಯಲ್ಲಿ ಮಗುವಿನ ಕೈ ಹಿಡಿದು ನಿಲ್ಲುವುದೇ ಕಷ್ಟ. ದಸರಾದ ಮೊದಲ ದಿನಗಳಲ್ಲಿ ಬನ್ನಿ. ಅರಮನೆಗೆ ದಿನಾ ಸಂಜೆ ದೀಪ ಇರುತ್ತದೆ, ಬೀದಿಗಳಲ್ಲೂ ದೀಪ. ದಸರಾ ವಸ್ತುಪ್ರದರ್ಶನ ಹಬ್ಬ ಮುಗಿದ ಮೇಲೂ ನಡೆಯುತ್ತದೆ. ಆಗ ಬಂದರೆ ರೂಮಿನ ಬಾಡಿಗೆಯೂ ಇಳಿದಿರುತ್ತದೆ.

ಸೋಮವಾರ ಬೆಳಗ್ಗೆ ಇಳಿದು ನೇರ ಶಾಲೆಗೆ ಕಳಿಸಬಹುದಾ?

ರೈಲು ಸಮಯಕ್ಕೆ ಬಂದರೂ ಬೇಡ. ಸೋಮವಾರ ಒಂದು ದಿನ ರಜೆ ಹಾಕಿಸಿ. ಎರಡು ರಾತ್ರಿ ರೈಲಿನಲ್ಲಿ ಮಲಗಿದ ಮಗು ಮನೆಗೆ ಬಂದು ಸ್ನಾನ ಮಾಡಿ, ಬಿಸಿ ಅನ್ನ ಉಂಡು ಮಧ್ಯಾಹ್ನದವರೆಗೆ ಮಲಗುತ್ತದೆ. ಇಡೀ ವಾರ ತೂಕಡಿಸುವುದಕ್ಕಿಂತ ಅದು ವಾಸಿ. ನಿಮಗೂ ಆಫೀಸಿಗೆ ಅರ್ಧ ದಿನ ರಜೆ ಸಿಕ್ಕರೆ ತೆಗೆದುಕೊಳ್ಳಿ, ಬಟ್ಟೆ ತೊಳೆಯೋದು ಇದ್ದೇ ಇರುತ್ತದೆ.